ನಡುಮನೆಯ ಟೈಲ್ ಎದ್ದು ನಿಂತ ಮೇಲೆ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅಮ್ಮ ಫೋನ್ ಮಾಡಿದರು. "ನಡುಮನೇಲಿ ಏನೋ ಢಬ್ ಅಂತು ಕಣವ್ವ, ಸಿಲಿಂಡರ್ ಅನ್ಕೊಂಡು ಹೊರಗೆ ಓಡಿ ಬಂದೆ" ಅಂದರು. ಧ್ವನಿ ಇನ್ನೂ ನಡುಗುತ್ತಿತ್ತು. ನಾನು ಹೋಗಿ ನೋಡಿದರೆ ಸಿಲಿಂಡರ್ ಸರಿಯಾಗೇ ಇತ್ತು. ನಡುಮನೆಯ ಮಧ್ಯದಲ್ಲಿ ಎರಡು ಟೈಲ್, ಕಾಳಗದಲ್ಲಿ ಟಗರುಗಳು ಹಣೆಗೆ ಹಣೆ ಕೊಟ್ಟು ನಿಂತ ಹಾಗೆ, ಒಂದಕ್ಕೊಂದು ಆತುಕೊಂಡು ನೆಲದಿಂದ ಎರಡು ಇಂಚು ಮೇಲೆದ್ದಿದ್ದವು.

ಮನೆ ಇರೋದು ದಾವಣಗೆರೆಯಲ್ಲಿ, ನಿಟ್ಟುವಳ್ಳಿ ಕಡೆ. ಅಪ್ಪ 1994ರಲ್ಲಿ ಕಟ್ಟಿಸಿದ್ದು. ಆಗ ಕೆಂಪು ಸಿಮೆಂಟ್ ನೆಲ ಇತ್ತು, ಅಮ್ಮ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದರು. 2016ರಲ್ಲಿ ಅದರ ಮೇಲೇ ಟೈಲ್ ಹಾಕಿಸಿದೆವು. ಬಂದವರು ಎರಡೇ ದಿನದಲ್ಲಿ ಮುಗಿಸಿ ಹೋದರು. ಬೇಗ ಮುಗಿಯಿತಲ್ಲ ಅಂತ ನಮಗೂ ಖುಷಿ. ಕೆಳಗಿನ ನೆಲ ಹೇಗಿದೆ ಅಂತ ಅವರು ನೋಡಲಿಲ್ಲ, ನೋಡಿ ಅಂತ ನಾವೂ ಹೇಳಲಿಲ್ಲ.

ಎದ್ದ ಟೈಲನ್ನು ಕೈಯಲ್ಲಿ ಎತ್ತಿದೆ. ಸಲೀಸಾಗಿ ಬಂತು. ತಿರುಗಿಸಿ ನೋಡಿದರೆ ಹಿಂಬದಿ ಅಂಗಡಿಯಿಂದ ತಂದ ಹಾಗೇ ಇತ್ತು. ಕಂಪನಿಯ ಅಚ್ಚು ಕೂಡ ಸ್ಪಷ್ಟವಾಗಿ ಓದಬಹುದಿತ್ತು. ಎಂಟು ವರ್ಷ ನಾವು ಓಡಾಡಿದ ಟೈಲ್ ನೆಲಕ್ಕೆ ಅಂಟಿಯೇ ಇರಲಿಲ್ಲ, ಸುಮ್ನೆ ಕೂತಿತ್ತು ಅಷ್ಟೇ! ಇದಕ್ಕೆ ಕಾರಣ ಇದೆ. ನಾವು ಹಾಕಿಸಿದ್ದು ವಿಟ್ರಿಫೈಡ್ ಟೈಲ್, ಅಂದರೆ ಜಾಸ್ತಿ ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಗಟ್ಟಿ ಮಾಡಿದ್ದು. ಅದು ನೀರು ಹೀರುವುದು ತನ್ನ ತೂಕದ 0.5%ಕ್ಕಿಂತ ಕಡಿಮೆ. ಹಳೇ ಕಾಲದ ಇಟ್ಟಿಗೆ, ಹೆಂಚು, ಸಾದಾ ಟೈಲ್ ಇವೆಲ್ಲ ಸಿಮೆಂಟ್ ಹಾಲನ್ನು ಒಳಗೆಳೆದುಕೊಂಡು ಕಚ್ಚಿಕೊಳ್ಳುತ್ತವೆ. ವಿಟ್ರಿಫೈಡ್‌ಗೆ ಹಾಗೆ ಕಚ್ಚಿಕೊಳ್ಳಲು ಬಾಯೇ ಇಲ್ಲ. ಬರೀ ಸಿಮೆಂಟ್ ಹಾಲು ಸುರಿದು ಅದನ್ನು ಕೂರಿಸಿದರೆ ಒಣಗಿದ ಮೇಲೆ ಹಿಡಿತ ಬಿಡುತ್ತೆ. ಕೆಳಗಿನ ಸಿಮೆಂಟ್ ಒಣಗುತ್ತಾ ಕುಗ್ಗುತ್ತೆ, ಟೈಲ್ ಕುಗ್ಗಲ್ಲ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹಿಗ್ಗುತ್ತೆ. ನಮ್ಮವರು ಟೈಲ್‌ಗಳ ಮಧ್ಯೆ ಕೂದಲೆಳೆಯಷ್ಟೂ ಸಂದು ಬಿಟ್ಟಿರಲಿಲ್ಲ, ಗೋಡೆಗೂ ಬಿಗಿಯಾಗಿ ತಾಗಿಸಿದ್ದರು. ಹಿಗ್ಗಿದ್ದಕ್ಕೆ ಜಾಗ ಬೇಕಲ್ವಾ? ಮೇಲಕ್ಕೆ ಎದ್ದಿತು.

ಅವತ್ತೇ ಒಂದು ನಾಣ್ಯ, ಒಂದು ಸೀಮೆಸುಣ್ಣ ಹಿಡಿದು ಕೂತೆ. ನಡುಮನೆ 12 ಅಡಿಗೆ 15 ಅಡಿ, ಎರಡಡಿಯ ಟೈಲ್ 45 ಇದ್ದವು. ಒಂದೊಂದನ್ನೂ ಮಧ್ಯದಲ್ಲಿ, ನಾಲ್ಕು ಮೂಲೆಯಲ್ಲಿ ಕುಟ್ಟಿದೆ. ಗಟ್ಟಿಯಾಗಿ ಕೂತದ್ದು ಟಕ್ ಅನ್ನುತ್ತೆ, ಟೊಳ್ಳಾದದ್ದು ಖಾಲಿ ಡಬ್ಬ ಬಡಿದ ಹಾಗೆ ಕೇಳುತ್ತೆ. ಟೊಳ್ಳು ಇದ್ದ ಕಡೆ ಗುರುತು ಹಾಕುತ್ತಾ ಹೋದೆ. 28 ಟೈಲ್ ಮೇಲೆ ಗುರುತು ಬಿತ್ತು. ನಿಮ್ಮ ಮನೆಯಲ್ಲೂ ಇದನ್ನು ಒಂದು ಸಲ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಈ ಸಲ ಮೇಸ್ತ್ರಿಯನ್ನು ಹುಡುಕಿದಾಗ ಒಂದೇ ಮಾತು ಹೇಳಿದೆ. ಟೈಲ್ ಯಾವಾಗ ಹಾಕ್ತೀರಿ ಅಂತ ಕೇಳಲ್ಲ, ನೆಲ ಮೊದಲು ಸರಿ ಮಾಡಿ ಕೊಡಿ. ಅವರು "ಆಯ್ತು ಅಕ್ಕಾ, ಮೊದಲು ಒಡೆದು ನೋಡಣ, ಒಡೀದೆ ಏನೂ ಹೇಳಕ್ಕಾಗಲ್ಲ" ಅಂದರು. ಆ ಮಾತಿಗೇ ನನಗೆ ನಂಬಿಕೆ ಬಂತು. ಟೈಲ್ ಎಲ್ಲ ತೆಗೆದು, ಕೆಂಪು ನೆಲದ ಮೇಲೆ ಹಾರೆ ಇಟ್ಟರು. ಅಡುಗೆಮನೆ ಬಾಗಿಲ ಹತ್ತಿರ ನೆಲ ಗಟ್ಟಿ ಇತ್ತು. ಬಚ್ಚಲ ಕಡೆಯ ಗೋಡೆ ಹತ್ತಿರ ಎರಡನೇ ಏಟಿಗೇ ಹಾರೆ ಒಳಗೆ ಹೋಯಿತು. ಮೇಸ್ತ್ರಿ ಕೈ ತೂರಿಸಿದರು. ಸಿಮೆಂಟ್ ಪದರದ ಕೆಳಗೆ ನಾಲ್ಕು ಬೆರಳು ಖಾಲಿ ಜಾಗ. ಅದರ ಕೆಳಗೆ ಕಪ್ಪಗೆ, ಒದ್ದೆಯಾಗಿ, ಸೋಪಿನ ಹಾಗೆ ಜಾರುವ ಎರೆ ಮಣ್ಣು.

ಪಾಯ ತೆಗೆದ ಮಣ್ಣನ್ನೇ ವಾಪಸ್ ಮನೆಯೊಳಗೆ ತುಂಬಿ, ಅದರ ಮೇಲೆ ನೆಲ ಹಾಕಿದ್ದರು. ಆ ಕಾಲದಲ್ಲಿ ಎಷ್ಟೋ ಜನ ಹೀಗೇ ಮಾಡಿದ್ದಾರೆ. ಮಣ್ಣು ಕಣ್ಣೆದುರಿಗೇ ಇತ್ತು, ದುಡ್ಡು ಕೈಯಲ್ಲಿರಲಿಲ್ಲ, ಅಪ್ಪ ಒಂದು ಟ್ರ್ಯಾಕ್ಟರ್ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತರಿಸಲೂ ಹತ್ತು ಸಲ ಯೋಚನೆ ಮಾಡಬೇಕಾಗಿತ್ತು. ಅವರ ಮೇಲೆ ನನಗೆ ಒಂದು ಚೂರೂ ಬೇಸರ ಇಲ್ಲ.

ಎರೆ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ದಾವಣಗೆರೆ ಸುತ್ತಮುತ್ತ ತುಂಬ ಕಡೆ ಕೆಳಗಿರೋದು ಅದೇ. ಹತ್ತಿ ಬೆಳೆಯೋಕೆ ಅದರಷ್ಟು ಒಳ್ಳೆ ಮಣ್ಣು ಬೇರೆ ಇಲ್ಲ. ಹತ್ತಿ ಇದ್ದದ್ದಕ್ಕೇ ಇಲ್ಲಿ ಮಿಲ್‌ಗಳು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂತು. ಆದರೆ ಮನೆಗೆ ಈ ಮಣ್ಣು ಕಷ್ಟ. ಇದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಯ ಅಂಶ ಇರುತ್ತೆ, ನೀರು ಸೇರಿದರೆ ಪದರ ಪದರವಾಗಿ ಊದುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಕೆಲಸಕ್ಕೆ ಬಂದಿದ್ದ ಹರಪನಹಳ್ಳಿ ಕಡೆಯ ಅಜ್ಜಿಯೊಬ್ಬರು ಆ ಮಣ್ಣನ್ನು ಕೈಯಲ್ಲಿ ಹಿಸುಕಿ, "ನಮ್ಮ ಹೊಲದಾಗೆ ಬ್ಯಾಸಿಗಿಗೆ ಕಾಲು ಸಿಗೇಬೀಳೋವಷ್ಟು ಬಾಯಿ ಬಿಡ್ತತಿ ಯವ್ವ, ಮಳೆ ಬಂದ್ರೆ ಮುಚ್ಚಿಕಂತತಿ" ಅಂದರು. ನಮ್ಮ ನಡುಮನೆಯ ಕೆಳಗೆ ಮೂವತ್ತು ವರ್ಷ ನಡೆದದ್ದೂ ಇದೇ. ಮಳೆಗಾಲದಲ್ಲಿ ಮಣ್ಣು ಊದಿ ನೆಲವನ್ನು ಮೇಲಕ್ಕೆ ಒತ್ತಿದೆ, ಬೇಸಿಗೆಯಲ್ಲಿ ಕುಗ್ಗಿ ಕೆಳಗಿಳಿದಿದೆ, ಮಧ್ಯದಲ್ಲಿ ನೆಲ ಮಾತ್ರ ಆಧಾರ ಇಲ್ಲದೆ ತೊಲೆಯ ಹಾಗೆ ನಿಂತಿದೆ. ಇನ್ನು ಬಚ್ಚಲ ಕಡೆ ಒಂದು ಹಳೇ ಪೈಪ್ ಜಿನುಗುತ್ತಿತ್ತು, ಅದು ವರ್ಷವಿಡೀ ಮಳೆಗಾಲ ಮಾಡಿಟ್ಟಿತ್ತು.

ನನ್ನನ್ನು ಕೊಟ್ಟ ಮನೆ ಚಿತ್ರದುರ್ಗದಲ್ಲಿದೆ. ಇಲ್ಲಿಂದ ಬರೀ 60 ಕಿಲೋಮೀಟರ್ ದೂರ. ಅಲ್ಲಿ ಅತ್ತೆ ಮನೆಗೆ ಪಾಯ ತೆಗೆದಾಗ ಮೂರಡಿಗೆ ಬಂಡೆ ಸಿಕ್ಕಿತ್ತು, ಮೇಲಿದ್ದದ್ದು ಕೆಂಪು ಗರಸು. ಆ ಮನೆಯ ನೆಲ ಇವತ್ತಿಗೂ ಕೂದಲಷ್ಟೂ ಬಿಟ್ಟಿಲ್ಲ. ಹಾಗಾಗಿ ದುರ್ಗದವರು ಹೇಳುವ ಲೆಕ್ಕ ದಾವಣಗೆರೆಗೆ ನಡೆಯಲ್ಲ, ನಿಮ್ಮ ಮನೆ ಕೆಳಗೆ ಯಾವ ಮಣ್ಣಿದೆ ಅಂತ ಮೊದಲು ನೋಡಿಕೊಳ್ಳಬೇಕು.

ಮೊದಲು ಮಾಡಿದ ಕೆಲಸ ಪ್ಲಂಬರ್‌ನ ಕರೆಸಿದ್ದು. ಜಿನುಗುವ ಪೈಪ್ ಬದಲಾಯಿಸಿ, ಬಚ್ಚಲ ನೆಲಕ್ಕೆ ವಾಟರ್‌ಪ್ರೂಫಿಂಗ್ ಬಳಿಸಿ, ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ನೀರಿನ ಮಟ್ಟ ಇಳಿಯಲಿಲ್ಲ, ಆಚೆ ಕಡೆ ಗೋಡೆಯೂ ಒದ್ದೆ ಆಗಲಿಲ್ಲ. ಅದಾದ ಮೇಲೇ ನಡುಮನೆಗೆ ಕೈ ಹಾಕಿದ್ದು. ನೀರಿನ ದಾರಿ ಮುಚ್ಚದೆ ನೆಲಕ್ಕೆ ಎಷ್ಟು ಖರ್ಚು ಮಾಡಿದರೂ ದಂಡ.

ಆಮೇಲೆ ಮಟ್ಟ. ಮೇಸ್ತ್ರಿ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನಾಲ್ಕೂ ಗೋಡೆಗೆ ಒಂದೇ ಎತ್ತರದಲ್ಲಿ ಗುರುತು ಹಾಕಿದರು. ಬಣ್ಣದ ದಾರ ಎಳೆದು ಚಿಮ್ಮಿಸಿದರೆ ಗೋಡೆ ಸುತ್ತ ಒಂದು ಗೆರೆ ಬಂತು. ಇನ್ನು ಮುಂದೆ ಎಲ್ಲ ಅಳತೆಯೂ ಆ ಗೆರೆಯಿಂದ ಕೆಳಕ್ಕೆ. ಅಮ್ಮ ಅಲ್ಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಹೊಸ್ತಿಲು ನೋಡ್ಕೊಳ್ಳಪ್ಪ ಮೇಸ್ತ್ರಿ, ಹೋದ ಸಲ ಹೂತುಹಾಕಿಬಿಟ್ರು" ಅಂದರು. ನಿಜ. 2016ರಲ್ಲಿ ಹಳೇ ನೆಲದ ಮೇಲೆ ಒಂದೂವರೆ ಇಂಚು ಗಾರೆ, ಅದರ ಮೇಲೆ ಟೈಲ್ ಕೂತು ನೆಲ ಸುಮಾರು ಎರಡು ಇಂಚು ಏರಿತ್ತು. ಹೊಸ್ತಿಲು ನೆಲಕ್ಕೆ ಸಮ ಆಗಿಹೋಗಿತ್ತು. ಅಮ್ಮ ದಿನಾ ಬೆಳಿಗ್ಗೆ ಅರಿಶಿನ ಹಚ್ಚಿ ಕುಂಕುಮ ಇಡುವ ಜಾಗ ಅದು, ಎಂಟು ವರ್ಷ ಅವರು ಅಲ್ಲಿ ಬಗ್ಗಿದಾಗೆಲ್ಲ ಗೊಣಗುತ್ತಿದ್ದರು. ಬಾಗಿಲುಗಳ ಕೆಳಗನ್ನೂ ಆಗ ಕೊಯ್ಯಬೇಕಾಗಿ ಬಂದಿತ್ತು. ಈ ಸಲ ಹೊಸ್ತಿಲಿನಿಂದಲೇ ಲೆಕ್ಕ ಶುರು ಮಾಡಿದೆವು. ಹೊಸ್ತಿಲಿಗಿಂತ ಎರಡು ಇಂಚು ಕೆಳಗೆ ಟೈಲಿನ ಮೇಲ್ಮೈ. ಟೈಲ್ ಮತ್ತು ಅಂಟು ಸೇರಿ ಅರ್ಧ ಇಂಚಿನ ಮೇಲೆ. ಅದರ ಕೆಳಗೆ ಒಂದೂವರೆ ಇಂಚು ಗಾರೆ ಪದರ. ಅದರ ಕೆಳಗೆ ನಾಲ್ಕು ಇಂಚು ಜಲ್ಲಿ ಕಾಂಕ್ರೀಟ್. ಉಳಿದದ್ದು ಗರಸು. ಒಟ್ಟು ಎರಡು ಅಡಿ ಎರೆ ಮಣ್ಣು ತೆಗೆಯಬೇಕು ಅಂತ ಬಂತು. ಪಾಯದ ಕಲ್ಲು ಅದಕ್ಕಿಂತ ತುಂಬ ಕೆಳಗೆ ಇದೆ ಅಂತ ಮೂಲೆಯಲ್ಲಿ ಒಂದು ಗುಂಡಿ ತೋಡಿ ನೋಡಿಕೊಂಡೇ ಮುಂದುವರಿದೆವು.

ಗರಸು ತುಂಬುವಾಗ ಮೇಸ್ತ್ರಿಗೂ ನನಗೂ ಸ್ವಲ್ಪ ವಾದ ಆಯಿತು. ಅವರು ಹೇಳಿದ್ದು, "ಅಕ್ಕಾ, ಕೆಳಗೆ ಮರಳು ಹಾಕಿ ನೀರು ಬಿಟ್ಟುಬಿಡಣ, ಎರಡು ದಿನದಲ್ಲಿ ತಾನೇ ಕೂತ್ಕೊಳ್ಳುತ್ತೆ." ಬೇರೆ ಮಣ್ಣಿನ ಮೇಲೆ ಅದು ನಡೆಯುತ್ತೆ. ಎರೆ ಮಣ್ಣಿನ ಮೇಲೆ ಬೇಡ ಅಂದೆ. ಐಐಟಿ ಬಾಂಬೆಯಲ್ಲಿದ್ದ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ. ಊದುವ ಮಣ್ಣಿನ ಮೇಲೆ, ಊದದೆ ಇರುವ ಆದರೆ ಒಂದಕ್ಕೊಂದು ಹಿಡಿದುಕೊಳ್ಳುವ ಮಣ್ಣಿನ ಪದರವನ್ನು ಗಟ್ಟಿಯಾಗಿ ಕೂರಿಸಿದರೆ ಊದುವಿಕೆ ಹತೋಟಿಗೆ ಬರುತ್ತೆ. ಎರೆ ಭೂಮಿಯಲ್ಲಿ ಕಾಲುವೆ ಕಟ್ಟುವಾಗ ಇದೇ ಪದ್ಧತಿ ಬಳಸುತ್ತಾರೆ. ಮರಳಿಗೆ ಆ ಹಿಡಿತ ಇಲ್ಲ, ಮೇಲಾಗಿ ಬಿದ್ದ ನೀರನ್ನೆಲ್ಲ ಕೆಳಗಿನ ಎರೆಗೆ ಇಳಿಸಿಬಿಡುತ್ತೆ. ನಮ್ಮ ಕಡೆ ಸಿಗುವ ಕೆಂಪು ಗರಸು ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತೆ. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, "ಸರಿ, ಕಾಲುವೆಗೇ ಆಗುತ್ತೆ ಅಂದ್ರೆ ಮನೆಗೂ ಆಗುತ್ತೆ" ಅಂತ ಒಪ್ಪಿದರು. ನಾಲ್ಕು ಟ್ರ್ಯಾಕ್ಟರ್ ಗರಸು ಬಂತು.

ಇಡೀ ಕೆಲಸದಲ್ಲಿ ಬೆವರು ಜಾಸ್ತಿ ಹರಿದದ್ದು ಇಲ್ಲೇ. ಒಂದೇ ಸಲ ಎರಡು ಅಡಿ ತುಂಬಿ ಮೇಲೆ ಕುಟ್ಟಿದರೆ ಮೇಲಿನ ನಾಲ್ಕು ಇಂಚು ಮಾತ್ರ ಗಟ್ಟಿ ಆಗುತ್ತೆ, ಕೆಳಗೆ ಸಡಿಲ ಹಾಗೇ ಉಳಿಯುತ್ತೆ, ಆಮೇಲೆ ನಿಧಾನಕ್ಕೆ ಕುಸಿಯುತ್ತೆ. ಆದ್ದರಿಂದ ಆರು ಇಂಚು ಹರಡುವುದು, ನೀರು ಚಿಮುಕಿಸುವುದು, ದಿಮ್ಮಸು ಹೊಡೆಯುವುದು, ಮತ್ತೆ ಆರು ಇಂಚು. ಹೀಗೆ ನಾಲ್ಕು ಸಲ. ನೀರು ಎಷ್ಟು ಅನ್ನೋದಕ್ಕೆ ಕೈಯೇ ಅಳತೆ. ಗರಸನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ತಂಬಿಟ್ಟಿನ ಹಾಗೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಮಧ್ಯದಲ್ಲಿ ಬಾಡಿಗೆಗೆ ತಂದ ಕಂಪಿಸುವ ಮೆಷಿನ್ ಓಡಿಸಿದೆವು, ಗೋಡೆ ಪಕ್ಕ ಮತ್ತು ಮೂಲೆಗಳಲ್ಲಿ ಅದು ಹೋಗಲ್ಲ, ಅಲ್ಲಿ ಕೈ ದಿಮ್ಮಸೇ ಬೇಕು. ನೆಲ ಕುಸಿಯೋದು ಸಾಮಾನ್ಯವಾಗಿ ಅಲ್ಲಿಂದಲೇ, ಅದಕ್ಕೇ ಮೂಲೆಗಳ ಹತ್ತಿರ ನಾನೇ ನಿಂತು ಇನ್ನೊಂದು ಸುತ್ತು ಹೊಡೆಸಿದೆ. ಹಿಮ್ಮಡಿ ಊರಿ ನಿಂತರೆ ಗುರುತು ಬೀಳಬಾರದು, ಅಲ್ಲಿಯವರೆಗೂ.

ಗೆದ್ದಲಿನ ಔಷಧಿ ಹೊಡೆಸಿದೆವು, ಇದನ್ನು ಕಾಂಕ್ರೀಟ್ ಬೀಳುವ ಮೊದಲೇ ಮಾಡಬೇಕು. ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಒಂದರ ಮೇಲೊಂದು ಒಂದು ಅಡಿ ಬರೋ ಹಾಗೆ ಹಾಸಿ, ಅಂಚನ್ನು ಗೋಡೆಗೆ ಆನಿಸಿ ಮೇಲಕ್ಕೆ ಮಡಚಿದೆವು. ಕೆಳಗಿನ ತೇವ ಮೇಲೆ ಬರಬಾರದು, ಮೇಲಿನ ನೀರು ಕೆಳಗೆ ಇಳಿಯಲೂಬಾರದು. ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಎಂ-ಸ್ಯಾಂಡ್, ಎಂಟು ಪಾಲು ಜಲ್ಲಿ. ನಡುಮನೆಗೆ 60 ಘನ ಅಡಿ, ಸಿಮೆಂಟ್ ಆರು ಚೀಲ ಹಿಡಿಯಿತು. ಬಾಂಡ್ಲಿ ಹೊತ್ತು ಓಡಾಡುವಾಗ ಹಾಳೆ ಹರಿಯದ ಹಾಗೆ ಹಲಗೆ ಹಾಕಿಸಿದ್ದೆ.

ನೀರುಣಿಸುವ ವಿಷಯದಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಈಗ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್, ಅದಕ್ಕೆ ಕನಿಷ್ಠ 10 ದಿನ ತೇವ ಬೇಕು. ಸಾಮಾನ್ಯವಾಗಿ ಗದ್ದೆಗೆ ಬದು ಹಾಕಿದ ಹಾಗೆ ಗಾರೆ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ನಾನು ಬೇಡ ಅಂದೆ, ಗೋಡೆ ಅಂಚಿನಿಂದ ಒಂದು ಹನಿ ಎರೆಗೆ ಇಳಿಯೋದೂ ಬೇಡ ಅಂತ. ಗೋಣಿಚೀಲ ಹಾಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆನೆಸಿದೆವು. ಮಧ್ಯಾಹ್ನದ ಪಾಳಿ ಅಮ್ಮನದು, ಒಂದು ದಿನವೂ ತಪ್ಪಿಸಲಿಲ್ಲ.

ಗಾರೆ ಪದರ ಹಾಕುವ ದಿನ ಕಾಂಕ್ರೀಟಿನ ಮೇಲೆ ತಂತಿ ಬ್ರಷ್ ಹೊಡೆದು, ಧೂಳು ತೊಳೆದು, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ ಒಂದಕ್ಕೆ ನಾಲ್ಕರ ಗಾರೆ ಹರಡಿದರು. ಇಲ್ಲಿ ಧೂಳು ಉಳಿದರೆ ಮತ್ತೆ ಅದೇ ಟೊಳ್ಳು ಶುರು. ಮೇಲ್ಮೈಯನ್ನು ಕರಣೆಯಲ್ಲಿ ನಯ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ, ಅಂಟಿಗೆ ಒರಟು ಬೇಕು. ಮಾರನೇ ದಿನ ಹತ್ತಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿದೆವು. ಎರಡಡಿಯಂಥ ದೊಡ್ಡ ಟೈಲ್‌ಗೆ ಹತ್ತಡಿಯಲ್ಲಿ 3 ಮಿಲಿಮೀಟರ್‌ಗಿಂತ ಜಾಸ್ತಿ ತಗ್ಗು ಇರಬಾರದು. ಅದಕ್ಕೆ ಸುಲಭದ ದಾರಿ ಟೈಲ್ ಸಂದಿಗೆ ಇಡುವ 3 ಮಿಲಿಮೀಟರ್ ಸ್ಪೇಸರ್. ಪಟ್ಟಿಯ ಕೆಳಗೆ ಅದು ಸಲೀಸಾಗಿ ತೂರಿದರೆ ಅಲ್ಲಿ ತಗ್ಗು ಇದೆ ಅಂತ ಅರ್ಥ. ಎರಡು ಕಡೆ ತೂರಿತು. ಮೇಸ್ತ್ರಿ ಒಂದು ಮಾತೂ ಆಡದೆ ಆ ಎರಡು ಜಾಗ ಕೆರೆದು ಮತ್ತೆ ತುಂಬಿದರು. ಆ ತಗ್ಗನ್ನು ಟೈಲ್ ಅಂಟಿನಲ್ಲೇ ಸರಿಮಾಡಿಕೊಳ್ಳೋಣ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಅಂಟು ಇರೋದು ಅಂಟಿಸೋಕೆ, ಹಳ್ಳ ತುಂಬೋಕಲ್ಲ.

ಅಡುಗೆಮನೆ ಮಾತ್ರ ಒಡೆಯಲಿಲ್ಲ. ಅದನ್ನು ಅಪ್ಪ 2003ರಲ್ಲಿ ಸೇರಿಸಿದ್ದು, ಅಷ್ಟೊತ್ತಿಗೆ ಕೈ ಸ್ವಲ್ಪ ಸಡಿಲ ಆಗಿತ್ತು, ಗರಸು ತುಂಬಿಸಿದ್ದರು. ಇಡೀ ನೆಲ ಕುಟ್ಟಿ ನೋಡಿದೆವು, ಎಲ್ಲೂ ಟೊಳ್ಳಿಲ್ಲ, ಬಿರುಕಿಲ್ಲ. ಇಂಥ ನೆಲ ಇದ್ದರೆ ಒಡೆಯೋದು ಬೇಡವೇ ಬೇಡ. ಆದರೆ ಕೆಂಪು ನೆಲದ ನಯದ ಮೇಲೆ, ಅದರಲ್ಲೂ ಇಪ್ಪತ್ತು ವರ್ಷ ಎಣ್ಣೆ ಕುಡಿದ ನೆಲದ ಮೇಲೆ, ಏನೂ ಹಿಡಿಯಲ್ಲ. ಸೋಡಾ ಪುಡಿ ಹಾಕಿ ಉಜ್ಜಿ ತೊಳೆದು, ಉಳಿಯಿಂದ ಎರಡೆರಡು ಇಂಚಿಗೆ ಒಂದು ಕಚ್ಚು ಹಾಕಿಸಿದೆವು. ಬೀಸುಕಲ್ಲಿಗೆ ಉಳಿಪೆಟ್ಟು ಹಾಕುತ್ತಾರಲ್ಲ, ಹಾಗೆ. ಮೇಲಿನ ಬಣ್ಣದ ಪದರ ಹೋಗಿ ಕೆಳಗಿನ ಬೂದು ಸಿಮೆಂಟ್ ಕಾಣಬೇಕು. ನೀರು ಚಿಮುಕಿಸಿ ನೋಡಿ, ಹನಿ ಮುತ್ತಿನ ಹಾಗೆ ನಿಂತರೆ ಇನ್ನೂ ಎಣ್ಣೆ ಇದೆ, ನೆಲ ಹೀರಿಕೊಂಡರೆ ಸರಿ ಆಗಿದೆ. ಅಂಟಿನ ಚೀಲ ಕೊಳ್ಳುವಾಗ ಐಎಸ್ 15477 (ಟೈಲ್ ಅಂಟಿಗೆ ಇರುವ ಭಾರತೀಯ ಮಾನದಂಡದ ಸಂಖ್ಯೆ) ಅಂತ ಇದೆಯಾ, ವಿಟ್ರಿಫೈಡ್‌ಗೆ ಆಗುತ್ತೆ ಅಂತ ಬರೆದಿದೆಯಾ, ತಯಾರಾದ ತಿಂಗಳು ಯಾವುದು, ಇಷ್ಟು ನೋಡಿಕೊಂಡೆ.

ಟೈಲ್ ಹಾಕುವಾಗ ಗೋಡೆ ಸುತ್ತ 8 ಮಿಲಿಮೀಟರ್ ಸಂದು ಬಿಡಬೇಕು ಅಂತ ಮಾತಾಗಿದೆ, ಅದು ಸ್ಕರ್ಟಿಂಗ್, ಅಂದರೆ ಗೋಡೆ ಬುಡಕ್ಕೆ ಹಾಕುವ ಟೈಲ್ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತೆ. ಆ ಸಂದಿಗೆ ಗಾರೆ ಬೀಳದ ಹಾಗೆ ಈಗಲೇ ಥರ್ಮಾಕೋಲ್ ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ.

ಗಾರೆಗೆ ನೀರುಣಿಸಿದ್ದು ಮುಗಿದು ಮೂರು ವಾರ ಆಯಿತು. ಟೈಲ್ ಡಬ್ಬಗಳು ಪಡಸಾಲೆಯಲ್ಲಿ ನಿಂತಿವೆ, ನೆಂಟರೆಲ್ಲ ಇನ್ನೂ ಹಾಕಿಲ್ವಾ ಅಂತ ಕೇಳುತ್ತಾರೆ. ನೋಡೋಕೆ ನೆಲ ಒಣಗಿದ ಹಾಗೇ ಇದೆ. ಆದರೂ ನಿನ್ನೆ ಒಂದೂವರೆ ಅಡಿ ಚೌಕದ ನಾಲ್ಕು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನಾಲ್ಕು ಕಡೆ ನೆಲಕ್ಕೆ ಟೇಪ್ ಹಾಕಿ, ಅಂಚೆಲ್ಲ ಬಿಗಿಯಾಗಿ ಮುಚ್ಚಿದೆ. ಇವತ್ತು ಅದೇ ಹೊತ್ತಿಗೆ ಬಿಚ್ಚಿದೆವು. ಮೂರರ ಕೆಳಗೆ ಒಣಗಿತ್ತು. ನಾಲ್ಕನೆಯದು, ಬಚ್ಚಲ ಕಡೆಯ ಮೂಲೆಯದು, ಒಳಗಡೆ ಬೆವರಿತ್ತು, ನೆಲದ ಮೇಲೂ ಕಪ್ಪಗೆ ಚೌಕ ಮೂಡಿತ್ತು. ಬಚ್ಚಲಿಗೆ ಮತ್ತೊಂದು ಸಲ ನೀರು ನಿಲ್ಲಿಸಿ ಗುರುತು ಹಾಕಿದ್ದೇನೆ, ಪೈಪ್ ಜಿನುಗುತ್ತಿಲ್ಲ ಅಂತ ಖಾತ್ರಿ ಆಗಬೇಕು. ಆ ಮೂಲೆಗೆ ಕಿಟಕಿ ಇಲ್ಲ, ಗಾಳಿ ಆಡಲ್ಲ, ಗಾರೆಯದೇ ತೇವ ಇರಬಹುದು ಅಂತ ಮೇಸ್ತ್ರಿ ಹೇಳುತ್ತಾರೆ. ಟೇಬಲ್ ಫ್ಯಾನ್ ಅತ್ತ ತಿರುಗಿಸಿ ಇಟ್ಟಿದ್ದೇವೆ. ಮುಂದಿನ ಸೋಮವಾರ ಮತ್ತೆ ಹಾಳೆ ಅಂಟಿಸಿ ನೋಡುತ್ತೇನೆ, ಅಲ್ಲಿಯವರೆಗೆ ಟೈಲ್‌ನವರಿಗೆ ಬರಬೇಡಿ ಅಂತ ಹೇಳಿದ್ದೇನೆ.